‘ಬೇಡ’ ಎಂದ ಮೇಲೆ ಒಂದು ಕಾರಣವೂ ಇರಲಿ

ಹದಿಮೂರರಿಂದ ಹದಿನೆಂಟರೊಳಗಿನ ಮಕ್ಕಳಿರುವ ಮನೆಗಳಲ್ಲಿ ಆಗಾಗ ಕೇಳಿಬರುವ ಎರಡು ಮಾತುಗಳಿವೆ. ಮಕ್ಕಳ ಮಾತು: ‘ಈ ಮನೇಲಿ ನನ್ನನ್ನ ಯಾರೂ ಅರ್ಥ ಮಾಡ್ಕೊಳ್ಳಲ್ಲ.’ ದೊಡ್ಡವರ ಮಾತು: ‘ಬೇಡ ಅಂದ್ರೆ ಬೇಡ, ಅಷ್ಟೇ.’ ಮೊದಲನೆಯದು ಹುಟ್ಟುವುದು ಹೆಚ್ಚಾಗಿ ಎರಡನೆಯದರಿಂದಲೇ. ಕೇಳಿದ್ದು ಮೊಬೈಲ್ ಇರಬಹುದು, ಸ್ಕೂಟರ್ ಇರಬಹುದು, ಗೆಳತಿಯರ ಜೊತೆ ಎರಡು ದಿನದ ಪ್ರವಾಸ ಇರಬಹುದು. ಕೊನೆಗೆ ಕೋಣೆಯ ಬಾಗಿಲು ಹಾಕಿಕೊಳ್ಳುವ ಸದ್ದು ಮಾತ್ರ ಎಲ್ಲ ಮನೆಗಳಲ್ಲೂ ಒಂದೇ.

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ., ಮನಃಶಾಸ್ತ್ರವಲ್ಲ. ಆದರೆ ‘ಆಗುವುದಿಲ್ಲ’ ಎಂಬ ಮಾತನ್ನು ಹೇಗೆ ಹೇಳಿದರೆ ಏನಾಗುತ್ತದೆ ಎಂಬುದನ್ನು ಕೌಂಟರಿನ ಹಿಂದೆ ಕುಳಿತು ಬೇಕಾದಷ್ಟು ನೋಡಿದ್ದೇನೆ. ಸಾಲ ಕೇಳಿ ಬಂದವರಿಗೆ ‘ನಿಮ್ಮ ಅರ್ಜಿ ಮಂಜೂರಾಗಿಲ್ಲ’ ಎಂದಷ್ಟೇ ಹೇಳಿದರೆ ಮುಖ ಕಪ್ಪಿಡುತ್ತಿತ್ತು. ‘ನಾವು ಬಡವರು ಅಂತ ತಾನೇ ಸಾರ್?’ ಎನ್ನುತ್ತಿದ್ದರು. ಅದೇ ಮನುಷ್ಯನಿಗೆ ‘ಹಳೆಯ ಸಾಲದ ಎರಡು ಕಂತು ಬಾಕಿ ಇದೆ, ಅದನ್ನು ಕಟ್ಟಿ ಬನ್ನಿ, ಮತ್ತೆ ನೋಡೋಣ’ ಎಂದರೆ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, ‘ಹಾಗಾದ್ರೆ ಯುಗಾದಿ ಆದ್ಮೇಲೆ ಬರ್ತೀನಿ’ ಎಂದು ಹೊರಡುತ್ತಿದ್ದ. ಎರಡು ಸಲವೂ ಸಾಲ ಸಿಗಲಿಲ್ಲ. ಆದರೆ ಎರಡನೆಯ ಸಲ ಆತ ಅವಮಾನ ಹೊತ್ತುಕೊಂಡು ಹೋಗಲಿಲ್ಲ.

ಇದು ರಿಸರ್ವ್ ಬ್ಯಾಂಕಿಗೂ ಗೊತ್ತು. 2003ರಲ್ಲಿ ಅದು ಒಂದು ನಿಯಮ ಮಾಡಿತು. 2 ಲಕ್ಷ ರೂಪಾಯಿವರೆಗಿನ ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. 2007ರಲ್ಲಿ ಇದನ್ನು ಎಲ್ಲ ಸಾಲಗಳಿಗೂ ವಿಸ್ತರಿಸಲಾಯಿತು. ಗುರುತು ಪರಿಚಯವಿಲ್ಲದ ಗ್ರಾಹಕನಿಗೆ ಬ್ಯಾಂಕು ಕೊಡಬೇಕಾದ ಈ ಮರ್ಯಾದೆ ಹೆತ್ತ ಮಕ್ಕಳಿಗೆ ಮನೆಯಲ್ಲಿ ಸಿಗಬಾರದೇ?

ಕಾರಣ ಹೇಳಬೇಕಾದರೆ ಮೊದಲು ಅದು ಏನೆಂದು ನಮಗೇ ಗೊತ್ತಿರಬೇಕು. ನಾನು ಕಂಡಂತೆ ಮನೆಗಳ ‘ಬೇಡ’ಗಳಲ್ಲಿ ನಾಲ್ಕು ಬಗೆ.

ಕಾನೂನಿನ ಬೇಡ

ಎಸ್ಸೆಸ್ಸೆಲ್ಸಿ ಮುಗಿದೊಡನೆ ಸ್ಕೂಟರ್ ಕೇಳುವ ಮಕ್ಕಳು ಬಹಳ. ‘ನಮ್ಮ ಕ್ಲಾಸಲ್ಲಿ ಎಲ್ಲರೂ ತರ್ತಾರೆ’ ಎಂಬುದು ಅವರ ವಾದ. ‘ಓದೋದು ಬಿಟ್ಟು ನಿನಗ್ಯಾಕೋ ಸ್ಕೂಟರು’ ಎಂಬುದು ಅಪ್ಪನ ಉತ್ತರ. ನಿಜವಾದ ಉತ್ತರ ಬೇರೆಯೇ ಇದೆ, ಅದನ್ನು ಯಾರೂ ಹೇಳುವುದಿಲ್ಲ.

ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ರಸ್ತೆಯಲ್ಲಿ ವಾಹನ ಓಡಿಸುವಂತಿಲ್ಲ. 16 ತುಂಬಿದವರು ಲೈಸೆನ್ಸ್ ಪಡೆದು 50 ಸಿಸಿ ಮೀರದ ದ್ವಿಚಕ್ರ ವಾಹನ ಓಡಿಸಬಹುದು, ಅಷ್ಟೇ ವಿನಾಯಿತಿ. ಇಂದು ಷೋರೂಮಿನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಹೆಚ್ಚಾಗಿ 100 ಸಿಸಿಗೂ ಮೇಲಿನವು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂ. ದಂಡ, 12 ತಿಂಗಳು ವಾಹನದ ನೋಂದಣಿ ರದ್ದು. ಅಷ್ಟೇ ಅಲ್ಲ, ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಹೇಳದಿದ್ದರೆ ಹುಡುಗನ ಕಿವಿಗೆ ಬೀಳುವುದು ‘ನಿನ್ನ ಮೇಲೆ ನಂಬಿಕೆ ಇಲ್ಲ’ ಎಂಬ ಅರ್ಥ. ಹೇಳಿದರೆ ‘ಹದಿನೆಂಟಾಗಲಿ, ಜೊತೆಯಲ್ಲೇ ಹೋಗಿ ಎಲ್‌ಎಲ್ ಮಾಡಿಸೋಣ’ ಎಂಬ ಇನ್ನೊಂದು ಮಾತನ್ನೂ ಸೇರಿಸಬಹುದು. ಆಗ ‘ಬೇಡ’ಕ್ಕೆ ಒಂದು ತಾರೀಖು ಸಿಕ್ಕಿತು. ಕಾಯುವುದಕ್ಕೆ ಮಕ್ಕಳಿಗೆ ಅದೇ ಬೇಕು.

ಕಿಸೆಯ ಬೇಡ

ನಮ್ಮ ಬೀದಿಯಲ್ಲೊಂದು ಸಂಸಾರ. ಅಪ್ಪ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 38,000 ರೂ. ಮಗ ಮೊದಲ ಪಿಯುಸಿ. ಅವನಿಗೆ 30,000 ರೂಪಾಯಿಯ ಫೋನ್ ಬೇಕು. ‘ಕಂತಲ್ಲಿ ತಗೊಳ್ಳಿ, ತಿಂಗಳಿಗೆ 2,800 ತಾನೇ, ಒಂದು ವರ್ಷ’ ಎಂದು ಅವನ ಹಟ. ‘ಆಗಲ್ಲ’ ಎಂದು ಅಪ್ಪ. ಮಾತು ಬಿಟ್ಟು ಎಂಟು ದಿನವಾಗಿತ್ತು. ‘ನೀವಾದ್ರೂ ಹೇಳಿ ಅಂಕಲ್’ ಎಂದು ಆ ತಾಯಿ ನನ್ನ ಬಳಿ ಬಂದರು.

ನಾನು ಬುದ್ಧಿಮಾತು ಹೇಳಲು ಹೋಗಲಿಲ್ಲ. ರೂಲು ಹಾಕಿದ ಹಾಳೆಯೊಂದನ್ನು ಹುಡುಗನ ಮುಂದಿಟ್ಟು, ‘ಅಪ್ಪ ಅಮ್ಮ ಹೇಳ್ತಾ ಹೋಗ್ತಾರೆ, ನೀನು ಬರೆದು ಕೂಡು’ ಎಂದೆ. ಮನೆ ಬಾಡಿಗೆ 9,000. ದಿನಸಿ, ಹಾಲು, ತರಕಾರಿ, ಗ್ಯಾಸ್ 10,500. ಅವನ ಮತ್ತು ತಂಗಿಯ ಫೀಸು, ಟ್ಯೂಷನ್ ತಿಂಗಳಿಗೆ ಹಂಚಿದರೆ 6,000. ಕರೆಂಟು, ನೀರು, ಫೋನು 1,800. ಪೆಟ್ರೋಲ್, ಬಸ್ಸು 2,200. ಅಜ್ಜಿಯ ಮಾತ್ರೆ 2,500. ಹಳೆಯ ಸಾಲದ ಕಂತು 4,000. ಕೂಡಿದಾಗ 36,000. ಉಳಿದದ್ದು 2,000. ಯಾರಿಗಾದರೂ ಜ್ವರ ಬಂದರೆ, ಊರಲ್ಲಿ ಮದುವೆಯಿದ್ದರೆ, ಅದೂ ಅಷ್ಟರಲ್ಲೇ ಆಗಬೇಕು.

ಹುಡುಗ ಎರಡು ಸಲ ಕೂಡಿ ನೋಡಿದ. ‘ಅಜ್ಜಿ ಮಾತ್ರೆಗೆ ಇಷ್ಟಾಗುತ್ತಾ?’ ಎಂದು ಕೇಳಿದ. 2,800ರ ಮಾತು ಅವನೇ ಮತ್ತೆ ಎತ್ತಲಿಲ್ಲ.

ಆಮೇಲೆ ನನ್ನ ಕಸುಬಿನ ಲೆಕ್ಕವೊಂದನ್ನು ತೋರಿಸಿದೆ. 2,800ರಂತೆ 12 ಕಂತು ಎಂದರೆ 33,600. ಹೆಚ್ಚಿಗೆ ಕಟ್ಟುವುದು 3,600. ಬಡ್ಡಿ ಶೇ 12 ಎಂದು ಕಾಣುತ್ತದೆ. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಾ ಬರುತ್ತದಲ್ಲ? ವರ್ಷವಿಡೀ 30,000 ನಮ್ಮ ಕೈಯಲ್ಲಿ ಇರುವುದೇ ಇಲ್ಲ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಸುಮಾರು ಶೇ 21. ಇನ್ನೊಂದು ವಿಷಯ. ನಾವು ಬಿ.ಕಾಂ.ನಲ್ಲಿ ಓದಿದ 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲ. ಆದ್ದರಿಂದ ಫೋನ್ ಮಗನ ಕೈಯಲ್ಲಿದ್ದರೂ ಸಾಲಗಾರ ಅಪ್ಪನೇ.

ಕೊನೆಗೆ ಆದ ಒಪ್ಪಂದ ಇಷ್ಟು. ಫೋನ್ 12,000ದ್ದು. ತಿಂಗಳಿಗೆ 1,000ದಂತೆ ಒಂದು ವರ್ಷದ ಆರ್‌ಡಿ. ಹಬ್ಬಕ್ಕೆ ಅಜ್ಜಿ, ಮಾವ ಕೊಟ್ಟ ಹಣ ಅವನ ಪಾಲಿಗೆ. ಹುಡುಗನಿಗೆ ತುಂಬಾ ಸಂತೋಷವಾಯಿತೆಂದು ಹೇಳಲಾರೆ. ಆದರೆ ಅಂದು ರಾತ್ರಿ ಅಪ್ಪನ ಪಕ್ಕದಲ್ಲೇ ಊಟಕ್ಕೆ ಕುಳಿತನಂತೆ.

ಮನೆಯ ಕಷ್ಟ ಮಕ್ಕಳಿಗೆ ತಿಳಿಯಬಾರದು ಎಂದು ನಮ್ಮಲ್ಲಿ ಬಹಳ ಜನ ಭಾವಿಸುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ನನ್ನ ತಂದೆಯೂ ಹಾಗೇ ಇದ್ದರು. ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೊಂದು ಎಚ್‌ಎಂಟಿ ವಾಚ್ ಬೇಕಿತ್ತು. ಬೆಂಗಳೂರಿನಲ್ಲಿ 1961ರಲ್ಲಿ ಆ ಕಾರ್ಖಾನೆ ಶುರುವಾದ ಮೇಲೆ ಕೈಗೊಂದು ಎಚ್‌ಎಂಟಿ ಕಟ್ಟುವುದು ನಮ್ಮ ಕಾಲದ ಹುಡುಗರ ದೊಡ್ಡ ಆಸೆ. ‘ಬೇಡ’ ಎಂದರು ಅಪ್ಪ, ಅಷ್ಟೇ. ಬ್ಯಾಂಕಿನ ಮೊದಲ ಸಂಬಳದಲ್ಲಿ ನಾನೇ ವಾಚ್ ಕೊಂಡು ತೋರಿಸಿದಾಗ ಅವರು ಅದನ್ನು ಕಿವಿಗೆ ಹಿಡಿದು ಕೇಳಿ, ‘ಆ ವರ್ಷ ಸೊಸೈಟಿ ಸಾಲ ಕಟ್ಟದಿದ್ರೆ ಗದ್ದೆ ಹೋಗ್ತಿತ್ತು ಕಣೋ’ ಎಂದರು. ಅಷ್ಟು ವರ್ಷ ಆ ಮಾತು ಅವರ ಹೊಟ್ಟೆಯಲ್ಲೇ ಇತ್ತು. ಮೊದಲೇ ಹೇಳಿದ್ದರೆ ವಾಚ್ ಇಲ್ಲದಿದ್ದರೂ ನಾನು ಮನೆಯ ಕಷ್ಟದಲ್ಲಿ ಒಬ್ಬ ಪಾಲುದಾರನಾಗಿರುತ್ತಿದ್ದೆ.

ಭಯದ ಬೇಡ

ಪ್ರವಾಸ, ರಾತ್ರಿ ತಡವಾಗಿ ಬರುವುದು, ಇನ್‌ಸ್ಟಾಗ್ರಾಂ ಖಾತೆ. ಇಲ್ಲಿ ಹಣದ ಪ್ರಶ್ನೆ ಕಡಿಮೆ. ಅಮ್ಮನ ಎದೆಯಲ್ಲಿರುವುದು ಭಯ. ಬಾಯಿಯಿಂದ ಬರುವುದು ಬೈಗುಳ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮುಂದಾಲೋಚನೆ ಮಾಡುವ, ಆತುರವನ್ನು ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರಕ್ಕೆ ಎಂದು ವೈದ್ಯರು ಹೇಳುತ್ತಾರೆ. ಸಾಮಾಜಿಕ ಜಾಲತಾಣಗಳ ಬಗ್ಗೆ ಸರ್ಕಾರಗಳೇ ಭಯಪಡುತ್ತಿವೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳೆಂದೇ ಕರೆದು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳೇ, ಈ ಭಯ ನಿಮ್ಮ ಅಮ್ಮನೊಬ್ಬರದೇ ಅಲ್ಲ ಎಂದು ಇದರಿಂದ ತಿಳಿಯಿರಿ.

ಆದರೆ ಭಯವನ್ನು ಭಯವೆಂದೇ ಹೇಳಬೇಕು. ‘ನೀನು ಸರಿಯಿಲ್ಲ’ ಎನ್ನುವುದಕ್ಕೂ ‘ನನಗೆ ಹೆದರಿಕೆಯಾಗುತ್ತೆ ಮಗಳೇ’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಮೊದಲನೆಯದಕ್ಕೆ ಜಗಳವೇ ಉತ್ತರ. ಎರಡನೆಯದಕ್ಕೆ ಮಗಳು ಸಮಾಧಾನ ಹೇಳಬಹುದು. ಜೊತೆಗೆ ಯಾವ ಟೀಚರ್ ಬರುತ್ತಾರೆ, ಎಲ್ಲಿ ಉಳಿಯುತ್ತೇವೆ, ಎಷ್ಟು ಗಂಟೆಗೆ ಫೋನ್ ಮಾಡುತ್ತೇನೆ ಎಂದು ತಿಳಿಸಬಹುದು. ಕೇಳಿದ ಮೇಲೂ ಭಯ ಹೋಗದಿದ್ದರೆ ‘ಈ ಸಲ ಒಂದು ದಿನದ್ದಕ್ಕೆ ಹೋಗಿ ಬಾ’ ಎಂಬ ನಡುದಾರಿ ಇದ್ದೇ ಇದೆ.

‘ಜನ ಏನಂತಾರೆ’ ಬೇಡ

ನಾಲ್ಕನೆಯದು ಬಲು ಕಷ್ಟದ್ದು. ನನಗೆ ತಿಳಿದ ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಎನ್‌ಸಿಸಿ ಸೇರಿದ್ದಳು. ಹತ್ತು ದಿನದ ಶಿಬಿರಕ್ಕೆ ಹೋಗಬೇಕಿತ್ತು. ಅಲ್ಲಿ ಮಹಿಳಾ ಅಧಿಕಾರಿಗಳಿರುತ್ತಾರೆ, ದೊಡ್ಡ ಖರ್ಚೇನಿಲ್ಲ. ಆದರೂ ಅಪ್ಪ ‘ಬೇಡ’ ಎಂದರು. ಅದೇ ತಿಂಗಳು ಅವಳ ಅಣ್ಣ ಗೆಳೆಯರೊಂದಿಗೆ ನಾಲ್ಕು ದಿನ ಊರೂರು ಸುತ್ತಿ ಬಂದಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಮಗಳು ಅಳಲಿಲ್ಲ, ಕೂಗಲಿಲ್ಲ. ‘ಕಾರಣ ಏನು ಅಂತ ಒಂದೇ ಒಂದು ಹೇಳಿ ಅಪ್ಪಾ’ ಎಂದಳು. ಅವರು ಬಹಳ ಹೊತ್ತು ಯೋಚಿಸಿದರು. ಕಾನೂನಿನ ಅಡ್ಡಿ ಇರಲಿಲ್ಲ, ಹಣದ ಅಡ್ಡಿ ಇರಲಿಲ್ಲ. ಉಳಿದದ್ದು ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬುದೊಂದೇ. ಅದನ್ನು ಮಗಳ ಮುಖ ನೋಡಿ ಹೇಳಲು ಅವರಿಗಾಗಲಿಲ್ಲ. ಮರುದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಅಪ್ಪ ಅಮ್ಮಂದಿರಿಗೆ ನನ್ನ ಸಲಹೆ ಇಷ್ಟೇ. ನಿಮ್ಮ ‘ಬೇಡ’ದ ಕಾರಣವನ್ನು ಮಕ್ಕಳ ಎದುರು ಬಾಯಿಬಿಟ್ಟು ಹೇಳಲು ಸಾಧ್ಯವೇ ಎಂದು ನೋಡಿ. ಸಾಧ್ಯವಾದರೆ ಹೇಳಿ. ಹೇಳಲು ನಾಚಿಕೆಯೆನಿಸಿದರೆ ಆ ‘ಬೇಡ’ವನ್ನೇ ವಾಪಸು ತೆಗೆದುಕೊಳ್ಳಿ. ಒಂದೇ ಬ್ಯಾಂಕಿನಲ್ಲಿ ಇಬ್ಬರು ಗ್ರಾಹಕರಿಗೆ ಎರಡು ನಿಯಮ ನಡೆಯುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣ ತಂಗಿಗೆ ನಡೆಯಬಹುದೇ?

ಮಕ್ಕಳಿಗೆ ಎರಡು ಮಾತು

ನೀವೂ ಕೇಳುವ ಬಗೆ ಕಲಿಯಬೇಕು. ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಬೇಡಿ. ನೆಂಟರ ಮುಂದೆ ಕೇಳಿ ಸಿಕ್ಕಿಸಬೇಡಿ. ‘ಎಲ್ಲರ ಹತ್ರಾನೂ ಇದೆ’ ಎನ್ನುವ ಬದಲು ಯಾಕೆ ಬೇಕು, ಎಷ್ಟಾಗುತ್ತದೆ, ನಿಮ್ಮ ಪಾಲು ಎಷ್ಟು ಎಂದು ಹೇಳಿ. ನಾಲ್ಕು ಸಾಲು ಬರೆದು ಕೊಟ್ಟರೆ ಇನ್ನೂ ಒಳ್ಳೆಯದು, ಬರೆಯುವಾಗ ನಿಮಗೇ ಎಷ್ಟೋ ಸ್ಪಷ್ಟವಾಗುತ್ತದೆ. ‘ಬೇಡ’ ಎಂದರೆ ‘ಯಾವ ಕಾರಣಕ್ಕೆ, ಯಾವಾಗ ಮತ್ತೆ ಕೇಳಬಹುದು?’ ಎಂದು ಮೆಲ್ಲಗೆ ಕೇಳಿ. ಇದು ಎದುರು ಮಾತಲ್ಲ.

ನಿಮ್ಮದೇ ಒಂದು ಉಳಿತಾಯ ಖಾತೆಯಿರಲಿ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸುವ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಎಷ್ಟು ಹಣದವರೆಗೆ ಎಂಬ ಮಿತಿಯನ್ನು ಆಯಾ ಬ್ಯಾಂಕು ಹಾಕುತ್ತದೆ. ಖಾತೆಯಲ್ಲಿ ಇದ್ದಷ್ಟೇ ತೆಗೆಯಬಹುದು, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಪಾಸ್‌ಬುಕ್ ಯಾರಿಗೂ ನೋವಾಗದಂತೆ ಕಲಿಸುತ್ತದೆ.

ಮೊಬೈಲ್ ಕೊಡಿಸಲಿಲ್ಲವೆಂದು ಮಗುವೊಂದು ಮಾಡಬಾರದ್ದನ್ನು ಮಾಡಿಕೊಂಡ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಓದಿದಾಗಲೆಲ್ಲ ಅಂದು ಊಟ ಸೇರುವುದಿಲ್ಲ. ಅಂಥ ಸಂಕಟದ ಹಿಂದೆ ಮೊಬೈಲೊಂದೇ ಇರುವುದಿಲ್ಲ. ಮನಸ್ಸು ತೀರಾ ಭಾರವಾದರೆ, ಬದುಕು ಬೇಡವೆನಿಸಿದರೆ, ಮನೆಯಲ್ಲಿ ಹೇಳಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ದೊಡ್ಡವರೂ ಅಷ್ಟೇ, ಮಗು ದಿನಗಟ್ಟಲೆ ಊಟ, ಮಾತು, ಆಟ ಬಿಟ್ಟರೆ ‘ಹಟ’ ಎಂದು ತಳ್ಳಿಹಾಕದೆ ಪಕ್ಕದಲ್ಲಿ ಕುಳಿತು ಕೇಳಿ.

ಕೊನೆಗೊಂದು ಕೆಲಸ ಹೇಳುತ್ತೇನೆ. ಈ ಭಾನುವಾರ ತಿಂಡಿಯಾದ ಮೇಲೆ ಅರ್ಧ ಗಂಟೆ ಟಿ.ವಿ. ಆರಿಸಿ, ಮನೆಯವರೆಲ್ಲ ಒಂದು ಹಾಳೆಯ ಸುತ್ತ ಕುಳಿತುಕೊಳ್ಳಿ. ಒಂದು ಕಡೆ ಈ ತಿಂಗಳ ಜಮಾ ಖರ್ಚು, ಇನ್ನೊಂದು ಕಡೆ ಯಾರಿಗೆ ಏನೇನು ಬೇಕು ಎಂಬ ಪಟ್ಟಿ. ಅಪ್ಪನ ಹರಿದ ಚಪ್ಪಲಿ, ಅಮ್ಮನ ಕನ್ನಡಕವೂ ಆ ಪಟ್ಟಿಯಲ್ಲಿರಲಿ. ಯಾವುದು ಈಗ, ಯಾವುದು ದೀಪಾವಳಿಗೆ, ಯಾವುದು ಮುಂದಿನ ವರ್ಷಕ್ಕೆ ಎಂದು ಎದುರಿಗೇ ಬರೆಯಿರಿ. ಹಾಳೆಯನ್ನು ಮಕ್ಕಳ ಕೈಯಲ್ಲೇ ಬರೆಸಿ.