ನಡುವಣ ಪದ

ರೈತನೊಬ್ಬನು ಮಾವಿನ ಹಣ್ಣಿನ ಬುಟ್ಟಿಯೊಡನೆ ಸಂತೆಗೆ ಬಂದಿದ್ದಾನೆ ಎನ್ನೋಣ. ಅವನಿಗೆ ಬೇಕಾದುದು ದಾಳಿಂಬೆ, ಕೈಯಲ್ಲಿ ಕಾಸಿಲ್ಲ. ಹತ್ತು ಮಾವು ಕೊಟ್ಟು ಎಷ್ಟು ದಾಳಿಂಬೆ ಕೇಳಿದರೆ ನ್ಯಾಯ? ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಈ ಬಗೆಯ ಲೆಕ್ಕವೊಂದು ಬರುತ್ತದೆ. ಸರಕಿಗೆ ಸರಕನ್ನು ಕೊಳ್ಳುವ ಈ ಗಣಿತಕ್ಕೆ ಅಲ್ಲಿ ‘ಭಾಂಡಪ್ರತಿಭಾಂಡಕ’ವೆಂದು ಹೆಸರು.

ಲೆಕ್ಕದಲ್ಲಿ ತಿಳಿಸಿರುವ ಬೆಲೆಗಳು ಎರಡೇ. ಒಂದು ದ್ರಮ್ಮಕ್ಕೆ 300 ಮಾವು, ಒಂದು ಪಣಕ್ಕೆ 30 ದಾಳಿಂಬೆ. ದ್ರಮ್ಮವೂ ಪಣವೂ ಆ ಕಾಲದ ನಾಣ್ಯಗಳು. ಮಾವಿಗೂ ದಾಳಿಂಬೆಗೂ ನೇರವಾದ ನಂಟಿಲ್ಲ. ಎರಡಕ್ಕೂ ನಂಟಿರುವುದು ಹಣದೊಡನೆ. ಹೀಗೆ ಎರಡು ಅನುಪಾತಗಳಲ್ಲಿಯೂ ಕಾಣಿಸಿಕೊಂಡು ಅವುಗಳನ್ನು ಬೆಸೆಯುವುದೇ ನಡುವಣ ಪದ.

ಅವಸರದ ವಿದ್ಯಾರ್ಥಿಯು, ‘300ಕ್ಕೆ 30, ಆದುದರಿಂದ 10ಕ್ಕೆ 1’ ಎಂದು ಬರೆದು ಮುಗಿಸುತ್ತಾನೆ. ಇಂತಹ ಉತ್ತರಗಳನ್ನು ನಾನು ಎಷ್ಟು ತಿದ್ದಿದ್ದೇನೆಯೋ ಲೆಕ್ಕವಿಲ್ಲ! ಒಂದು ದ್ರಮ್ಮವೆಂದರೆ 16 ಪಣ. ಎರಡು ಕಡೆಯೂ ‘ಒಂದು’ ಎಂದೇ ಇದ್ದರೂ ಆ ಒಂದು ಬೇರೆ, ಈ ಒಂದು ಬೇರೆ. ಎರಡನ್ನೂ ದ್ರಮ್ಮಕ್ಕೆ ತಂದರೆ, ಒಂದು ದ್ರಮ್ಮಕ್ಕೆ 16 × 30, ಅಂದರೆ 480 ದಾಳಿಂಬೆ ಸಿಗುತ್ತವೆ. 300 ಮಾವಿಗೆ 480 ದಾಳಿಂಬೆಯಾದರೆ 10 ಮಾವಿಗೆ 16. ಅವಸರದ ಲೆಕ್ಕವನ್ನು ನಂಬಿದ್ದರೆ ರೈತನು ಹದಿನೈದು ಹಣ್ಣುಗಳನ್ನು ಸಂತೆಯಲ್ಲಿಯೇ ಬಿಟ್ಟು ಮನೆಗೆ ಹೋಗುತ್ತಿದ್ದನು.

ಮಾನ ಒಂದೇ ಆಗಿದ್ದರೂ ಸಂಖ್ಯೆ ಬೇರೆಯಾಗಿರಬಹುದು. ಮನೆಯ ತಾರಸಿಗೆ ಕಾಂಕ್ರೀಟು ಕಲಸಬೇಕಾಗಿದೆ. ಸಿಮೆಂಟಿಗೂ ಮರಳಿಗೂ ಇರುವ ಅನುಪಾತ 2:3. ಮರಳಿಗೂ ಜಲ್ಲಿಗೂ 1:2. ಇಲ್ಲಿ ಮರಳೇ ನಡುವಣ ಪದ. ಕಂಡ ಸಂಖ್ಯೆಗಳನ್ನು ಹಾಗೆಯೇ ಸಾಲಾಗಿಟ್ಟು 2:3:2 ಎಂದು ಕಲಸಿದರೆ, ಇರಬೇಕಾದ ಜಲ್ಲಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಬೀಳುತ್ತದೆ. ಸಿಮೆಂಟು ವ್ಯರ್ಥವಾಗುವುದಲ್ಲದೆ, ಒಣಗುವಾಗ ಕಾಂಕ್ರೀಟು ಹೆಚ್ಚು ಕುಗ್ಗಿ ಬಿರುಕು ಬಿಡುವ ಸಂಭವವೂ ಉಂಟು.

ಮರಳು ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 1. ಎರಡನೆಯ ಅನುಪಾತದ ಎರಡೂ ಪದಗಳನ್ನು ಮೂರರಿಂದ ಗುಣಿಸಿದರೆ 3:6 ಆಗುತ್ತದೆ. ಅನುಪಾತವು ಬದಲಾಗಲಿಲ್ಲ, ಮರಳು ಮಾತ್ರ ಎರಡು ಕಡೆಯೂ 3 ಆಯಿತು. ಈಗ ಬೆಸೆಯಬಹುದು: 2:3:6. ನಡುವಣ ಸಂಖ್ಯೆಗಳು 3 ಮತ್ತು 4 ಆಗಿದ್ದರೆ ಅವುಗಳ ಲ.ಸಾ.ಅ. ಆದ 12ಕ್ಕೆ ಎರಡನ್ನೂ ಏರಿಸಬೇಕಾಗಿತ್ತು. 2:3 ಮತ್ತು 4:5 ಸೇರಿ 8:12:15 ಆಗುವುದು ಹೀಗೆಯೇ.

2:3:6ನ್ನು ಎರಡರಿಂದ ಭಾಗಿಸಿ ನೋಡಿರಿ. ಒಂದಕ್ಕೆ ಒಂದೂವರೆ, ಮೂರು. ಕೆಲಸ ಬಲ್ಲ ಮೇಸ್ತ್ರಿಯು ಆಳುಗಳಿಗೆ ಕೂಗಿ ಹೇಳುವ ಲೆಕ್ಕವೂ ಇದೇ.