ಓವರ್‌ಸೀ: ಕಣ್ಗಾವಲೋ, ಕಣ್ತಪ್ಪೋ?

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಾಲ್ಕು ವರ್ಷ ಚೀಲ ತೂಗಿಸಿ, ಲಾರಿ ತುಂಬಿಸಿ ಪಳಗಿದ ಹುಡುಗನೊಬ್ಬ ಬೆಂಗಳೂರಿನ ಗೋದಾಮೊಂದರ ಕೆಲಸಕ್ಕೆ ಅರ್ಜಿ ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ತನ್ನ ಅನುಭವವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ‘ಐ ಓವರ್‌ಲುಕ್ಡ್ ದಿ ಲೋಡಿಂಗ್ ಫಾರ್ ಫೋರ್ ಇಯರ್ಸ್’ ಎಂದು ಬರೆಯುತ್ತಾನೆ. ಓದಿದ ಮ್ಯಾನೇಜರಿಗೆ ತಿಳಿಯುವುದು ಇಷ್ಟು: ಈ ಹುಡುಗ ನಾಲ್ಕು ವರ್ಷ ಲೋಡಿಂಗ್ ಕಡೆ ಕಣ್ಣೆತ್ತಿಯೂ ನೋಡಿಲ್ಲ!

ಅವನು ಬರೆಯಬೇಕಿದ್ದುದು ‘ಓವರ್‌ಸಾ’. ಮೂಲ ಕ್ರಿಯಾಪದ ‘ಓವರ್‌ಸೀ’, ಅಂದರೆ ಮೇಲ್ವಿಚಾರಣೆ ಮಾಡು, ಉಸ್ತುವಾರಿ ನೋಡಿಕೋ. ಪದ ಚಿಕ್ಕದು. ಅದರ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳು ಮಾತ್ರ ಹಲವು.

ತಪ್ಪು ಕಲ್ಪನೆ 1: ‘ಓವರ್‌ಸೀ’ಗೂ ‘ಓವರ್‌ಸೀಸ್’ಗೂ ನಂಟಿದೆ.

ಸತ್ಯ: ಇಲ್ಲ. ಇಂಡಿಯನ್ ಓವರ್‌ಸೀಸ್ ಬ್ಯಾಂಕಿನ ಬೋರ್ಡಿನಲ್ಲಿರುವ ‘ಸೀ’ ಸಮುದ್ರ. ನಮ್ಮ ಕ್ರಿಯಾಪದದ ‘ಸೀ’ ನೋಟ. ಕಿವಿಗೆ ಒಂದೇ, ಇಂಗ್ಲಿಷ್ ಕಾಗುಣಿತದಲ್ಲಿ ಬೇರೆ ಬೇರೆ. ‘ಸೂಪರ್‌ವೈಸ್’ ಕೂಡ ಇದೇ ಅಚ್ಚಿನದು. ಅದರಲ್ಲಿ ‘ಸೂಪರ್’ ಆದ ಜಾಣತನವೇನೂ ಇಲ್ಲ. ಲ್ಯಾಟಿನ್ನಿನ ‘ಮೇಲೆ’ ಮತ್ತು ‘ನೋಡು’ ಸೇರಿ ಆದ ಪದ ಅದು. ‘ವಿಷನ್’, ‘ಟೆಲಿವಿಷನ್’ಗಳ ದಾಯಾದಿ. ಸಂಸ್ಕೃತದ ‘ಅಧ್ಯಕ್ಷ’ದಲ್ಲೂ ಮೇಲೆ ಎನ್ನುವ ‘ಅಧಿ’ಯ ಜೊತೆ ಕಣ್ಣು ಎನ್ನುವ ‘ಅಕ್ಷ’ ಕೂತಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಅಧ್ಯಕ್ಷರು ವೇದಿಕೆಯಲ್ಲಿ ಹಾರ ಹಾಕಿಸಿಕೊಂಡವರಲ್ಲ. ಗಣಿ, ನೇಯ್ಗೆ, ಸುಂಕಗಳ ಮೇಲೆ ಕಣ್ಣಿಟ್ಟ ಓವರ್‌ಸಿಯರುಗಳು.

ತಪ್ಪು ಕಲ್ಪನೆ 2: ‘ಓವರ್‌ಸೀ’, ‘ಓವರ್‌ಲುಕ್’ ಎರಡೂ ಒಂದೇ.

ಸತ್ಯ: ಇವತ್ತಿನ ಬಳಕೆಯಲ್ಲಿ ಒಂದು ಕಾಯುತ್ತದೆ, ಇನ್ನೊಂದು ಕೈಬಿಡುತ್ತದೆ. ‘ಓವರ್‌ಲುಕ್’ ಎಂದರೆ ಗಮನಿಸದೆ ಹೋಗು, ಇಲ್ಲವೇ ಗಮನಿಸಿಯೂ ಬಿಟ್ಟುಬಿಡು. ಎತ್ತರದಿಂದ ಕೆಳಗಿನ ನೋಟ ಕಾಣುವುದಕ್ಕೂ ಅದೇ ಪದ: ಹಳೇಬೀಡಿನ ಕೆರೆ ಕಾಣುವ ಕೋಣೆಗೆ ‘ದಿ ರೂಮ್ ಓವರ್‌ಲುಕ್ಸ್ ದಿ ಲೇಕ್’ ಎನ್ನಬಹುದು.

ನಮ್ಮವರು ಎಡವುವುದರಲ್ಲಿ ನ್ಯಾಯವೂ ಇದೆ. ಹಿಂದೆ ‘ಓವರ್‌ಲುಕ್’ಗೆ ಮೇಲ್ವಿಚಾರಣೆಯ ಅರ್ಥವೂ ಇತ್ತು. 19ನೇ ಶತಮಾನದ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಕೆಲಸಗಾರರ ಮೇಲಿದ್ದವನ ಹೆಸರೇ ‘ಓವರ್‌ಲುಕರ್’. ಗಿರಣಿಯವನು ಹೋದ, ಅರ್ಥವೂ ಹೋಯಿತು.

ಕನ್ನಡವೇನೂ ಕಡಿಮೆಯಿಲ್ಲ. ‘ಮೇಲ್ವಿಚಾರಣೆ’ಯಲ್ಲಿರುವ ‘ಮೇಲೆ’ ಹೊಣೆ ಹೊರುತ್ತದೆ. ‘ಮೇಲ್ನೋಟ’ದಲ್ಲಿರುವ ‘ಮೇಲೆ’ ಮುಟ್ಟಿ ಮುಟ್ಟದಂತೆ ಹಾದುಹೋಗುತ್ತದೆ. ಕಡೆಗಣ್ಣಿನಲ್ಲಿ ನೋಡಿದರೆ ‘ಕಡೆಗಣಿಸಿದ’ ಹಾಗೆ. ‘ಓವರ್‌ಲುಕ್’ಗೆ ನಮ್ಮಲ್ಲಿ ಸರಿಜೋಡಿ ಬೇಕೆಂದರೆ ಅದೇ ‘ಕಡೆಗಣಿಸು’.

ತಪ್ಪು ಕಲ್ಪನೆ 3: ‘ಓವರ್‌ಸೈಟ್’ ಎಂದರೆ ಮೇಲ್ವಿಚಾರಣೆ ಮಾತ್ರ.

ಸತ್ಯ: ‘ಓವರ್‌ಸೈಟ್ ಕಮಿಟಿ’ ಎಂದಾಗ ಕಣ್ಗಾವಲು, ನಿಜ. ಆದರೆ ‘ಇಟ್ ವಾಸ್ ಆ್ಯನ್ ಓವರ್‌ಸೈಟ್’ ಎಂದರೆ ಕಣ್ತಪ್ಪು! ಕನ್ನಡ ಎರಡು ಪದಗಳಲ್ಲಿ ಬೇರೆಯಾಗಿಟ್ಟದ್ದನ್ನು ಇಂಗ್ಲಿಷ್ ಒಂದೇ ಗೂಡಿನಲ್ಲಿ ಕೂಡಿಹಾಕಿದೆ. ಬಿಲ್ಲಿನಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಅದು ‘ಆ್ಯನ್ ಓವರ್‌ಸೈಟ್’. ಆ ಸೊನ್ನೆ ಬಿಡದಂತೆ ಕಾಯಬೇಕಾದದ್ದೂ ‘ಓವರ್‌ಸೈಟ್’. ಹಿಂದೆಮುಂದೆ ಇರುವ ಮಾತುಗಳೇ ಅರ್ಥ ಬಿಡಿಸಬೇಕು.

ತಪ್ಪು ಕಲ್ಪನೆ 4: ಎಲ್ಲಿ ‘ನೋಡಿಕೊಳ್ಳು’ ಇದೆಯೋ ಅಲ್ಲೆಲ್ಲ ‘ಓವರ್‌ಸೀ’ ಹಾಕಬಹುದು.

ಸತ್ಯ: ‘ನೋಡಿಕೊಳ್ಳು’ ನಮ್ಮ ಭಾಷೆಯ ಮಹಾ ದುಡಿಮೆಗಾರ. ಒಲೆಯ ಮೇಲಿನ ಹಾಲು ನೋಡಿಕೋ, ಅಜ್ಜಿಯನ್ನು ನೋಡಿಕೋ, ಸ್ಟೇಷನ್ನಿನಲ್ಲಿ ಲಗೇಜು ನೋಡಿಕೋ, ಗಾರೆ ಕೆಲಸ ನೋಡಿಕೋ. ಈ ನಾಲ್ಕರಲ್ಲಿ ‘ಓವರ್‌ಸೀ’ಗೆ ಜಾಗವಿರುವುದು ಕೊನೆಯದರಲ್ಲಿ ಮಾತ್ರ. ಹಾಲಿಗೆ, ಲಗೇಜಿಗೆ ‘ಕೀಪ್ ಆ್ಯನ್ ಐ ಆನ್’. ಅಜ್ಜಿಗೆ ‘ಲುಕ್ ಆಫ್ಟರ್’ ಅಥವಾ ‘ಟೇಕ್ ಕೇರ್ ಆಫ್’. ‘ಐ ಓವರ್‌ಸೀ ಮೈ ಗ್ರ್ಯಾಂಡ್‌ಮದರ್’ ಎಂದರೆ ಅಜ್ಜಿಯನ್ನು ಕೂಲಿಗೆ ಹಚ್ಚಿದಂತೆ ಕೇಳಿಸುತ್ತದೆ. ಕೆಲಸ ಮಾಡುವವರು ಬೇರೆಯವರು, ಅದು ಸರಿಯಾಗಿ ಮುಗಿಯುವ ಹೊಣೆ ನಿಮ್ಮದು, ಆಗ ‘ಓವರ್‌ಸೀ’.

ಒಮ್ಮೆ ಬಂದು ನೋಡಿ ಹೋಗುವುದೂ ‘ಓವರ್‌ಸೀ’ ಅಲ್ಲ, ಅದು ‘ಇನ್‌ಸ್ಪೆಕ್ಟ್’. ಪರೀಕ್ಷಾ ಕೊಠಡಿಯಲ್ಲಿ ಕಾಯುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಇನ್‌ವಿಜಿಲೇಟ್’ ಎಂಬ ಪದವೇ ಇದೆ. ಆದರೂ ನಮ್ಮ ಎಸ್‌ಎಸ್‌ಎಲ್‌ಸಿ ಕೊಠಡಿಯ ‘ಸೂಪರ್‌ವೈಸರ್’ ತಪ್ಪೇನಲ್ಲ.

ತಪ್ಪು ಕಲ್ಪನೆ 5: ಕೆಲಸದ ‘ಮೇಲೆ’ ನಿಗಾ ಇಡುವುದರಿಂದ ಇಂಗ್ಲಿಷಿನಲ್ಲೂ ‘ಆನ್’ ಬೇಕು.

ಸತ್ಯ: ಬೇಡ. ‘ಶೀ ಓವರ್‌ಸೀಸ್ ಆನ್ ದಿ ವರ್ಕ್’ ಅಲ್ಲ, ‘ಶೀ ಓವರ್‌ಸೀಸ್ ದಿ ವರ್ಕ್’. ಆ ‘ಮೇಲೆ’ ಪದದ ಹೊಟ್ಟೆಯಲ್ಲೇ ‘ಓವರ್’ ಆಗಿ ಕೂತಿದೆ. ಮತ್ತೊಂದನ್ನು ಹೊರಗೆ ಅಂಟಿಸುವುದು ಛತ್ರಿಯ ಮೇಲೆ ಛತ್ರಿ. ಕಾಲದ ರೂಪಗಳು ‘ಸೀ’ಯನ್ನೇ ಹಿಂಬಾಲಿಸುತ್ತವೆ: ಓವರ್‌ಸೀ, ಓವರ್‌ಸಾ, ಓವರ್‌ಸೀನ್. ‘ಓವರ್‌ಸೀಡ್’ ಎಂದರೆ ಅದು ಬೀಜ ಬಿತ್ತುವ ಮಾತು!

ತಪ್ಪು ಕಲ್ಪನೆ 6: ಓವರ್‌ಸಿಯರ್ ಎಂದರೆ ರಸ್ತೆ ಅಳೆಯುವ ಸರ್ಕಾರಿ ನೌಕರ.

ಸತ್ಯ: ಲೋಕೋಪಯೋಗಿ ಇಲಾಖೆಯಲ್ಲಿ ಅದೊಂದು ಹುದ್ದೆಯ ಹೆಸರಾಗಿತ್ತು, ಹಳ್ಳಿಯ ಹಿರಿಯರು ಜೂನಿಯರ್ ಎಂಜಿನಿಯರನ್ನು ಈಗಲೂ ‘ಓವರ್‌ಸೀರಪ್ಪ’ ಅನ್ನುವುದುಂಟು. ಅಂಚೆ ಇಲಾಖೆಯಲ್ಲಿ ‘ಮೇಲ್ ಓವರ್‌ಸಿಯರ್’ ಇದ್ದಾರೆ. ಆದರೆ ಕ್ರಿಯಾಪದಕ್ಕೆ ಹುದ್ದೆಯ ಹಂಗಿಲ್ಲ. ಮದುವೆಮನೆಯಲ್ಲಿ ಪಂಕ್ತಿಯಿಂದ ಪಂಕ್ತಿಗೆ ಓಡಾಡುತ್ತಾ, ಬಡಿಸುವವರನ್ನು ಎಚ್ಚರಿಸುತ್ತಾ ಇರುವ ಸೋದರಮಾವನೂ ‘ಓವರ್‌ಸೀಯಿಂಗ್ ದಿ ಲಂಚ್’.

ತಪ್ಪು ಕಲ್ಪನೆ 7: ‘ವಿಷ್ಣುವರ್ಧನ ಓವರ್‌ಸಾ ದಿ ಬೇಲೂರು ಟೆಂಪಲ್’.

ಸತ್ಯ: ಈ ವಾಕ್ಯದಲ್ಲಿ ವ್ಯಾಕರಣಕ್ಕಿಂತ ಹೆಚ್ಚಿನದು ಜಾರಿದೆ. 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಹೊಯ್ಸಳ ದೊರೆ ಗುಡಿಯನ್ನು ‘ಕಟ್ಟಿಸಿದ’. ಇಂಗ್ಲಿಷಿನಲ್ಲಿ ಅದಕ್ಕೆ ‘ಕಮಿಷನ್ಡ್’. ಕಲ್ಲು ಕಡೆದವರು ಬೇರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮದನಿಕೆಯರ ಬಳಿ ತಮ್ಮ ಹೆಸರು ಕೆತ್ತಿಹೋಗಿದ್ದಾರೆ. ಅವರಿಗೆ ‘ಕಾರ್ವ್ಡ್’. ದೊರೆಗೂ ಶಿಲ್ಪಿಗಳಿಗೂ ನಡುವೆ, ಬಿಸಿಲಲ್ಲಿ ನಿಂತು ಕಲ್ಲು ಬಂತೇ, ಅಳತೆ ಕೂಡಿತೇ ಎಂದು ನೋಡಿಕೊಂಡವರಿಗೆ ಸಲ್ಲುವುದು ‘ಓವರ್‌ಸಾ’. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ವಿಷಯದಲ್ಲಿ ಶಾಸನ ಕಟ್ಟಿಸಿದ ಹಿರಿಮೆಯನ್ನು ದೊರೆಯ ಅಧಿಕಾರಿ ಕೇತಮಲ್ಲನಿಗೆ ಕೊಡುತ್ತದೆ. 2023ರಲ್ಲಿ ಈ ಗುಡಿಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹೊರದೇಶದವರಿಗೆ ಅವುಗಳ ಕಥೆ ಹೇಳುವ ನಮ್ಮ ಹುಡುಗರು ಈ ಮೂರು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಬಳಸಿದರೆ ಚರಿತ್ರೆಯೂ ಸರಿಹೋಗುತ್ತದೆ.

ಗೊಂದಲದ ಬೇರು ನಮ್ಮ ‘ಇಸು’ ಪ್ರತ್ಯಯದಲ್ಲಿದೆ. ಕಟ್ಟಿಸಿದ, ಬರೆಸಿದ, ಹೊರಿಸಿದ: ದುಡ್ಡು ಕೊಟ್ಟವನಿಗೂ ‘ಇಸು’, ಪಕ್ಕದಲ್ಲೇ ನಿಂತವನಿಗೂ ‘ಇಸು’. ಇಂಗ್ಲಿಷಿಗೆ ದಾಟುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಕೆಲಸ ನಡೆಯುವಾಗ ಅದರ ಮೇಲೆ ಕಣ್ಣಿಟ್ಟವರು ಯಾರು?

ಮಂಡಿಯ ಹುಡುಗ ಚೀಲ ತೂಗಿಸಿದ್ದ, ಲಾರಿ ತುಂಬಿಸಿದ್ದ. ದುಡ್ಡು ಸಾಹುಕಾರರದು, ಹೊರೆ ಹಮಾಲರದು, ಕಣ್ಣು ಇವನದು. ‘ಐ ಓವರ್‌ಸಾ ದಿ ಲೋಡಿಂಗ್ ಫಾರ್ ಫೋರ್ ಇಯರ್ಸ್’ ಎಂದು ಅವನು ಧೈರ್ಯವಾಗಿ ಬರೆಯಬಹುದು.