ನೂರು ನಿಮಿಷದ ಊರು

ಬರಿಗೈಯಲ್ಲಿ ಮರಕ್ಕೆ ಗುದ್ದಬೇಕು. ಗುದ್ದುತ್ತಲೇ ಇದ್ದರೆ ಕಾಂಡದಲ್ಲಿ ಬಿರುಕು ಮೂಡಿ ಚೌಕದ ತುಂಡೊಂದು ಕಳಚಿ ಬೀಳುತ್ತದೆ. ಆ ತುಂಡಿನಿಂದ ಹಲಗೆ, ಹಲಗೆಯಿಂದ ಮೇಜು, ಮೇಜಿನ ಮೇಲೆ ಮರದ ಪಿಕಾಸಿ. ಮೈನ್‌ಕ್ರಾಫ್ಟ್ ಆಟ ಶುರುವಾಗುವುದು ಹೀಗೆ. ಹೊಸಪೇಟೆಯ ಅಕ್ಕನ ಮನೆಯಲ್ಲಿ ಬೇಸಿಗೆ ರಜೆಗೆ ಸೇರಿದ್ದ ಮೂವರು ಮಕ್ಕಳು ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು: ಅಕ್ಕನ ಮಗ, ಸಂಡೂರಿನಿಂದ ಬಂದ ಅವನ ದೊಡ್ಡಪ್ಪನ ಮಗ, ಕಂಪ್ಲಿಯ ಅತ್ತೆಯ ಮಗಳು. ಹೊರಗೆ ಬೀದಿ ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಒಳಗೆ ಕೂಲರಿನ ಸದ್ದು, ಒಗ್ಗರಣಿ ಮಂಡಕ್ಕಿಯ ತಟ್ಟೆ, ಮಿರ್ಚಿಯ ಎಣ್ಣೆ ಕೀಬೋರ್ಡಿಗೆ ಹತ್ತೀತೆಂಬ ಅಕ್ಕನ ಗದರಿಕೆ.

ಅವರು ಆಡುತ್ತಿದ್ದದ್ದು ಕೊಂಡ ಆಟವಲ್ಲ, ಪುಕ್ಕಟೆ ಸಿಗುವ ಡೆಮೊ. ಆಟದೊಳಗಿನ ಒಂದು ದಿನವೆಂದರೆ ನಮ್ಮ 20 ನಿಮಿಷ. ಡೆಮೊ ಕೊಡುವುದು ಅಂಥ 5 ದಿನಗಳನ್ನು, ಒಟ್ಟು 100 ನಿಮಿಷ. ಜಗತ್ತಿನ ಯಾವ ಮೂಲೆಯಲ್ಲಿ ತೆರೆದರೂ ಅದೇ ನೆಲ, ಅದೇ ಹೊಳೆ, ಅದೇ ಗುಡ್ಡ. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಹೊರಬಿಟ್ಟ ಈ ಆಟ 2011ರಲ್ಲಿ ಪೂರ್ಣರೂಪಕ್ಕೆ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಅದರ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡಿತು. ಮಕ್ಕಳಿಗೆ ಇದಾವುದೂ ಬೇಕಿರಲಿಲ್ಲ. ಸೂರ್ಯ ಚೌಕಾಕಾರವಾಗಿ ಪಡುವಣಕ್ಕೆ ಇಳಿಯುತ್ತಿದ್ದ. ಕತ್ತಲಾದರೆ ಹೆಣಗಳು ಎದ್ದು ಬರುತ್ತವೆ, ಕ್ರೀಪರ್ ಎಂಬ ಹಸಿರು ಜೀವಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ಸಿಡಿಯುತ್ತದೆ. ಗುಡ್ಡದ ಬುಡ ಕೊರೆದು ಒಳಸೇರಿ, ಗುಹೆಯ ಬಾಯಿಗೆ ಮಣ್ಣು ಮುಚ್ಚಿಕೊಂಡು, ಮೂವರೂ ಉಸಿರು ಬಿಗಿಹಿಡಿದು ಮೊದಲ ರಾತ್ರಿ ಕಳೆದರು.

ಆ ಗುಡ್ಡದೊಳಗೇ ಕಬ್ಬಿಣದ ಅದಿರು ಸಿಕ್ಕಿತು. ಬೂದುಗಲ್ಲಿನಲ್ಲಿ ತಿಳಿಗಂದು ಚುಕ್ಕಿಗಳು. ಸಂಡೂರಿನ ಹುಡುಗ ಮುಖ ಸಿಂಡರಿಸಿದ.

“ಇದ್ಯಾವ ಅದಿರು ಮಾಮ? ಚುಕ್ಕಿ ಇಟ್ಟಂಗೈತಿ. ನಮ್ಮ ಕಡೆ ಗುಡ್ಡಕ್ಕ ಗುಡ್ಡಾನ ಕೆಂಪೈತಿ.”

ದೋಣಿಮಲೆ, ದೇವಗಿರಿಗಳ ನೆರಳಲ್ಲಿ ಬೆಳೆದವನು ಅವನು. ಲಾರಿಗಳ ಸಾಲು, ರಸ್ತೆಬದಿಯ ಬೇವಿನೆಲೆಯ ಮೇಲೂ ಕೂತ ಕೆಂಧೂಳು ಅವನಿಗೆ ದಿನನಿತ್ಯದ ನೋಟ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ಕೆಲಕಾಲ ನಿಲ್ಲಿಸಿದಾಗ ಅವನಿನ್ನೂ ಹುಟ್ಟಿರಲಿಲ್ಲ. ಆದರೂ ಅದಿರಿನ ಬೆಲೆ ಅವನಿಗೆ ಗೊತ್ತು. ಆಟದಲ್ಲಿ ಮರ ಕಡಿದರೆ ಸಸಿ ಸಿಗುತ್ತದೆ, ನೆಟ್ಟರೆ ಮತ್ತೆ ಮರವಾಗುತ್ತದೆ. ಅಗೆದ ಅದಿರು ಮಾತ್ರ ಮರಳಿ ಹುಟ್ಟುವುದಿಲ್ಲ. ಅವನು ಇದನ್ನು ತಾನಾಗಿಯೇ ಗಮನಿಸಿದ, “ಇಲ್ಲೀನೂ ಖಾಲಿ ಆಗತೈತಿ” ಎಂದ. ಆಟವೊಂದು ಮಗುವಿನ ಕೈಗೆ ಇಷ್ಟು ನಿಜವನ್ನು ಕೊಟ್ಟರೆ ನನಗೆ ಸಾಕು.

ಕಂಪ್ಲಿಯ ಹುಡುಗಿಗೆ ಗಣಿಯ ಮೇಲೆ ಮನಸ್ಸಿರಲಿಲ್ಲ. ಹುಲ್ಲು ಕಿತ್ತು ಬೀಜ ಕೂಡಿಸಿದಳು. “ಭತ್ತ ಇಲ್ಲೇನು ಇದ್ರಾಗ?” ಇಲ್ಲ, ಗೋಧಿ ಇದೆ. ಒಲ್ಲದ ಮನಸ್ಸಿನಿಂದ ಗೋಧಿಗೆ ಒಪ್ಪಿ, ಹೊಳೆಯಿಂದ ಕಾಲುವೆ ತೋಡಲು ಹೊರಟಳು. ನೀರು ಏಳು ಚೌಕ ಹರಿದು ನಿಂತೇಬಿಟ್ಟಿತು. ಹುಡುಗರು ನಕ್ಕರು. ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ನೀರು ನಿಂತ ಕಡೆ ನೆಲವನ್ನು ಒಂದು ಚೌಕ ತಗ್ಗಿಸಿದಳು. ನೀರು ಇಳಿಯಿತು, ಮತ್ತೆ ಏಳು ಚೌಕ ಓಡಿತು. ಮತ್ತೆ ತಗ್ಗಿಸಿದಳು, ಮತ್ತೆ ಓಡಿತು. ಇಳಿಜಾರು ಕೊಡದೆ ನೀರು ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಅವಳ ಮನೆಯ ಗದ್ದೆ ತುಂಗಭದ್ರೆಯ ಕಾಲುವೆಯದು. ವಿಜಯನಗರದವರು ಹೊಳೆಗೆ ಅಲ್ಲಲ್ಲಿ ಅಡ್ಡಗಟ್ಟೆ ಕಟ್ಟಿ ತಿರುಗಿಸಿದ ಕಾಲುವೆಗಳು, ಹಂಪಿಯ ತುರ್ತು ಕಾಲುವೆಯಿಂದ ಕಂಪ್ಲಿಯವರೆಗೆ, ಇಂದಿಗೂ ಬಾಳೆಗೆ, ಭತ್ತಕ್ಕೆ ನೀರುಣಿಸುತ್ತಿವೆ. ಕಲ್ಲುಬಂಡೆಗಳ ನಡುವೆ ಆ ಇಳಿಜಾರನ್ನು ಗೇಣು ಗೇಣಾಗಿ ಲೆಕ್ಕಹಾಕಿದವರ ಕೈಚಳಕ ನನಗೆ ಅರಮನೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಗೋಧಿ ಹಳದಿ ತಿರುಗುತ್ತಿದ್ದಾಗ ನೂರು ನಿಮಿಷ ಮುಗಿಯಿತು. ಡೆಮೊ ಆಗಲೂ ಹೊರಗಟ್ಟುವುದಿಲ್ಲ. ಊರೆಲ್ಲ ತಿರುಗಿ ನೋಡಬಹುದು, ಒಂದು ಕಲ್ಲನ್ನೂ ಕೀಳುವಂತಿಲ್ಲ, ಇಡುವಂತಿಲ್ಲ. “ಹಂಪಿಯಂಗ ಆತಲ್ಲ!” ಎಂದ ಹೊಸಪೇಟೆಯ ಹುಡುಗ.

ಮರುದಿನ ಬೆಳಿಗ್ಗೆ ಅವರನ್ನು ಹಂಪಿಗೇ ಕರೆದೊಯ್ದೆ. ವಿರೂಪಾಕ್ಷನ ಬೀದಿಯ ಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಸಂಸಾರಗಳು ಬಾಳಿದ್ದವು, 2011ರಲ್ಲಿ ಅವನ್ನೆಲ್ಲ ತೆರವುಗೊಳಿಸಿದರು ಎಂದು ಹೇಳಿದೆ. “ಅವರು ರಾತ್ರಿ ಎಲ್ಲಿಗೆ ಹೋದ್ರು ಮಾಮ?” ಎಂದಳು ಹುಡುಗಿ. ಕತ್ತಲಿಗೆ ಮುಂಚೆ ಸೂರು ಹುಡುಕುವ ಆತಂಕ ಅವಳಿಗೆ ಹಿಂದಿನ ದಿನವಷ್ಟೇ ತಿಳಿದಿತ್ತು.

ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕ ಕುಳಿಗಳಿವೆ. ಅವಕ್ಕೆ ಮರದ ಬೆಣೆ ಬಡಿದು ನೀರು ಹೊಯ್ದರೆ ಬೆಣೆ ಉಬ್ಬಿ ಬಂಡೆ ಗೆರೆ ಹಿಡಿದು ಸೀಳುತ್ತದೆ. ಮಕ್ಕಳು ಕುಳಿಗಳಿಗೆ ಬೆರಳಿಟ್ಟು ನೋಡಿದರು. ಆಟದಲ್ಲಿ ಕೆಳಗಿನ ಕಂಬ ತೆಗೆದರೂ ಮೇಲಿನ ಕಲ್ಲು ಗಾಳಿಯಲ್ಲಿ ನಿಲ್ಲುತ್ತದೆ. ಇಲ್ಲಿ ಬಿರುಕು ಬಿಟ್ಟ ತೊಲೆಗೆ ಪುರಾತತ್ವ ಇಲಾಖೆ ಆಧಾರ ಕೊಡಬೇಕಾಗಿದೆ. ನಾಲ್ವರು ಯುವಕರು ಕಂಬವೊಂದನ್ನು ಕೆಡವಿದ್ದನ್ನೂ, 2019ರಲ್ಲಿ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ ಅವರಿಂದಲೇ ಕಂಬ ನಿಲ್ಲಿಸಿದ್ದನ್ನೂ ಹೇಳಿದೆ. “ಎಷ್ಟು ಭಾರ ಇತ್ತೋ!” ಎಂದು ಸಂಡೂರಿನವನು ಕಂಬದ ದಪ್ಪ ಅಳೆದ.

ಅವರು ಅಲುಗಾಡದೆ ನಿಂತದ್ದು ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿಯ ಮುಂದೆ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂದ ಕಪ್ಪು ಕಲ್ಲಿನ ಕೊಳ. ಐದು ಹಂತ, ಒಂದರ ಮೇಲೊಂದು ಪುಟ್ಟ ಮೆಟ್ಟಿಲುಗಳ ಗೋಪುರಗಳು. ಅದರ ಕಲ್ಲುಗಳ ಮೇಲೆ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೆಯ ಸಾಲು, ಸಾಲಿನಲ್ಲಿ ಎಷ್ಟನೆಯ ಕಲ್ಲು. ಎಲ್ಲೋ ಕಡಿದು, ಗುರುತು ಹಾಕಿ, ತಂದು ಇಲ್ಲಿ ಜೋಡಿಸಿದ್ದಾರೆ. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂಡಿ ಕುಳಿತಿದೆ. ನಾವು ಮಕ್ಕಳಿಗೆ ಹಂಪಿ ತೋರಿಸುವುದು ರಾಜರ ಹೆಸರು, 1336, 1565 ಎಂದು. ಕಲ್ಲು ಹೊತ್ತವನ, ಗುರುತು ಕೊರೆದವನ ಊರಾಗಿ ತೋರಿಸುವುದೇ ಇಲ್ಲ. ಶಾಲೆಯ ಪ್ರವಾಸಗಳು ಮೊದಲು ಈ ಕೊಳದ ಬಳಿ ನಿಲ್ಲಲಿ ಎಂಬುದು ನನ್ನ ಬೇಡಿಕೆ.

ಡೆಮೊದ ಲೋಕವನ್ನು ಅಳಿಸಿ ಮೊದಲಿಂದ ಶುರುಮಾಡಲು ಬರುತ್ತದೆ. ಹೊಳೆ ಎಲ್ಲಿದೆ, ಅದಿರು ಎಲ್ಲಿದೆ ಎಂದು ಮಕ್ಕಳಿಗೆ ಈಗ ಬಾಯಿಪಾಠ. ಸಂಜೆ ಲ್ಯಾಪ್‌ಟಾಪ್ ಮುಟ್ಟುವ ಮೊದಲು ಚೌಕದ ಪುಸ್ತಕ ಹರಡಿಕೊಂಡು ಕುಳಿತರು. ನೂರು ನಿಮಿಷದೊಳಗೆ ಕೊಳ ಕಟ್ಟಬೇಕಾದರೆ ಪ್ರತಿ ಕಲ್ಲಿನ ಜಾಗ ಮೊದಲೇ ಗೊತ್ತಿರಬೇಕಲ್ಲ.

“ಪೂರ್ವಕ್ಕೂ ಪ, ಪಶ್ಚಿಮಕ್ಕೂ ಪ, ಹೆಂಗ್ಲೇ?” ಎಂದ ಸಂಡೂರಿನವನು.

“ಪೂರ್ವಕ್ಕ ಪೂ ಬರಿ. ಮೊದಲು ನೀರು ಯಾವ ಕಡೆಯಿಂದ ಬರತೈತಿ ಹೇಳು,” ಎಂದು ಹುಡುಗಿ ಪೆನ್ಸಿಲ್ ಕಿತ್ತುಕೊಂಡಳು.